‘ಬೈ ಪ್ರೊಫೆಷನ್’ ಎಂಬ ಇಂಗ್ಲಿಷು ನುಡಿಗಟ್ಟೂ ಕನ್ನಡದ ‘ವೃತ್ತಿಯಿಂದ’ ಎಂಬ ಪ್ರಯೋಗವೂ

ಒಬ್ಬ ವ್ಯಕ್ತಿಯ ಜೀವನೋಪಾಯ ಯಾವುದೆಂಬುದನ್ನು ತಿಳಿಸಲು ಇಂಗ್ಲಿಷಿನಲ್ಲಿ ‘ಬೈ ಪ್ರೊಫೆಷನ್’ ಎಂಬ ಎರಡು ಪದಗಳ ನುಡಿಗಟ್ಟೊಂದು ಬಳಕೆಯಲ್ಲಿದೆ. ‘ಹೀ ಈಸ್ ಎ ಲಾಯರ್ ಬೈ ಪ್ರೊಫೆಷನ್’ ಎಂಬ ಮಾದರಿಯ ವಾಕ್ಯವನ್ನು ನಮ್ಮ ಕಾಲೇಜುಗಳಲ್ಲಿ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದಲ್ಲ ಒಂದು ಸಂದರ್ಭದಲ್ಲಿ ಬರೆದೇ ಇರುತ್ತಾನೆ. ಅದೇ ನುಡಿಗಟ್ಟು ‘ವೃತ್ತಿಯಿಂದ’ ಎಂಬ ರೂಪದಲ್ಲಿ ಕನ್ನಡಕ್ಕೂ ಬಂದು ನೆಲೆಸಿದೆ. ಸಭೆಗಳಲ್ಲಿ ಅತಿಥಿಗಳನ್ನು ಪರಿಚಯಿಸುವವರು, ಪುಸ್ತಕದ ಹಿಂಬದಿಯಲ್ಲಿ ಲೇಖಕರ ವಿಷಯವಾಗಿ ನಾಲ್ಕು ಸಾಲು ಬರೆಯುವವರು, ನಿಧನವಾರ್ತೆಗಳನ್ನು ಸಿದ್ಧಪಡಿಸುವವರು ಎಲ್ಲರೂ ಇದನ್ನು ಆಶ್ರಯಿಸುತ್ತಾರೆ. ‘ವೃತ್ತಿಯಿಂದ ವೈದ್ಯರು, ಪ್ರವೃತ್ತಿಯಿಂದ ಸಾಹಿತಿಗಳು’ ಎಂಬ ಜೋಡಿ ಮಾತಂತೂ ಈಗ ಅಚ್ಚೊತ್ತಿದ ಮೊಹರಿನಂತಾಗಿದೆ. ಇಂಗ್ಲಿಷಿನಲ್ಲಿ ಇದರ ಸರಿಯಾದ ಬಳಕೆ ಯಾವುದು, ಕನ್ನಡದಲ್ಲಿ ಇದಕ್ಕೆ ವ್ಯಾಕರಣದ ಸಮ್ಮತಿ ಉಂಟೇ, ಯಾವ ಸಂದರ್ಭದಲ್ಲಿ ಇದು ಅಗತ್ಯ, ಯಾವ ಸಂದರ್ಭದಲ್ಲಿ ಬರಿಯ ಭಾರ ಎಂಬುದನ್ನು ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ. ವಿಷಯ ಮೇಲ್ನೋಟಕ್ಕೆ ಅಲ್ಪವೆನಿಸಬಹುದು. ಆದರೆ ಒಬ್ಬರು ಯಾವ ಕೆಲಸದಿಂದ ಬದುಕುತ್ತಾರೆಂಬುದನ್ನು ಹೇಳುವ ಮಾತಿನಲ್ಲಿ ಅವರಿಗೆ ಸಲ್ಲುವ ಗೌರವವೂ ಅಡಗಿರುತ್ತದೆಯಾದ ಕಾರಣ, ಅದನ್ನು ಅಲಕ್ಷಿಸುವಂತಿಲ್ಲ.

ಮೊದಲು ಇಂಗ್ಲಿಷಿನ ವಿಚಾರ. ‘ಪ್ರೊಫೆಷನ್’ ಎಂಬ ಶಬ್ದದ ಮೂಲ ಲ್ಯಾಟಿನ್ ಭಾಷೆಯ ‘ಬಹಿರಂಗವಾಗಿ ಘೋಷಿಸು’ ಎಂಬ ಅರ್ಥದ ಧಾತು. ಕ್ರೈಸ್ತ ಮಠವನ್ನು ಸೇರುವವನು ಕೈಗೊಳ್ಳುತ್ತಿದ್ದ ವ್ರತದ ಘೋಷಣೆಗೆ ಈ ಹೆಸರು ಮೊದಲು ಸಂದಿತು. ಮುಂದೆ ದೇವತಾಶಾಸ್ತ್ರ, ನ್ಯಾಯಶಾಸ್ತ್ರ, ವೈದ್ಯಶಾಸ್ತ್ರ ಈ ಮೂರೂ ವಿದ್ಯಾವಂತರ ‘ಪ್ರೊಫೆಷನ್’ಗಳೆಂದು ಎಣಿಕೆಗೆ ಬಂದುವು. ‘ಪ್ರೊಫೆಸರ್’ ಎಂಬ ಶಬ್ದವೂ ಇದೇ ಧಾತುವಿನಿಂದ ಹುಟ್ಟಿದ್ದು. ತನಗೆ ಇಂಥ ವಿದ್ಯೆ ಗೊತ್ತೆಂದು ಬಹಿರಂಗವಾಗಿ ಹೇಳಿಕೊಂಡವನೇ ಪ್ರೊಫೆಸರು. ಈ ಅರ್ಥವನ್ನು ಅಧ್ಯಾಪಕ ಮಿತ್ರರು ಹೆಮ್ಮೆಯಿಂದ ಸ್ವೀಕರಿಸುವರೋ ಸಂಕೋಚದಿಂದಲೋ ಅವರಿಗೇ ಬಿಟ್ಟದ್ದು. ಕೈಕಸುಬುಗಳಿಗೆ ಇಂಗ್ಲಿಷಿನಲ್ಲಿ ‘ಟ್ರೇಡ್’ ಎಂಬ ಬೇರೆ ಶಬ್ದವುಂಟು. ಅದರ ಮೂಲಾರ್ಥ ತುಳಿದ ಹಾದಿ, ನಡೆಯುವ ದಾರಿ. ಹೀಗಾಗಿ ವಕೀಲನನ್ನು ‘ಬೈ ಪ್ರೊಫೆಷನ್’ ಎಂದೂ ಬಡಗಿಯನ್ನು ‘ಬೈ ಟ್ರೇಡ್’ ಎಂದೂ ಕರೆಯುವುದು ಹಳೆಯ ಇಂಗ್ಲಿಷು ಸಮಾಜದ ವಾಡಿಕೆಯಾಯಿತು. ಇದು ವ್ಯಾಕರಣದ ಭೇದವಲ್ಲ, ಅಂತಸ್ತಿನ ಭೇದ. ಈಗ ಆ ಗೆರೆ ಬಹುಮಟ್ಟಿಗೆ ಅಳಿಸಿಹೋಗಿದೆಯಾದರೂ, ಬಡಗಿಗೆ ‘ಬೈ ಟ್ರೇಡ್’ ಎಂಬುದೇ ಇಂದಿಗೂ ಇಂಗ್ಲಿಷಿನವರ ಕಿವಿಗೆ ಸಹಜವಾಗಿ ಕೇಳುತ್ತದೆ.

ನಮ್ಮ ವಿದ್ಯಾರ್ಥಿಗಳ ಬರವಣಿಗೆಯಲ್ಲಿ ಈ ನುಡಿಗಟ್ಟು ಕೆಡುವುದು ಸಾಮಾನ್ಯವಾಗಿ ಮೂರು ನಾಲ್ಕು ಕಡೆಗಳಲ್ಲಿ. ‘ಬೈ’ ಎಂಬುದರ ಮುಂದೆ ‘ದಿ’ ಎಂದಾಗಲಿ ‘ಹಿಸ್’ ಎಂದಾಗಲಿ ಸೇರಿಸುವುದು ಒಂದು ತಪ್ಪು. ‘ಬೈ ಬರ್ತ್’, ‘ಬೈ ನೇಮ್’, ‘ಬೈ ನೇಚರ್’ ಎಂಬಲ್ಲಿ ಹೇಗೆ ನಡುವೆ ಏನೂ ಬರುವುದಿಲ್ಲವೋ ಇಲ್ಲಿಯೂ ಹಾಗೆಯೇ. ಎರಡನೆಯದು, ವ್ಯಕ್ತಿವಾಚಕದ ಹಿಂದೆ ಬರಬೇಕಾದ ‘ಎ’ ಎಂಬುದನ್ನು ಬಿಡುವುದು. ಕನ್ನಡದಲ್ಲಿ ಅಂಥ ಉಪಪದವಿಲ್ಲದ ಕಾರಣ ‘ಹೀ ಈಸ್ ಡಾಕ್ಟರ್ ಬೈ ಪ್ರೊಫೆಷನ್’ ಎಂದು ಬರೆದಾಗ ನಮಗೆ ಏನೂ ಕೊರತೆ ಕಾಣುವುದಿಲ್ಲ. ಇಂಗ್ಲಿಷಿಗೆ ಅದು ಕೊರತೆಯೇ. ಅನೇಕರನ್ನು ಕುರಿತು ಹೇಳುವಾಗ ‘ಲಾಯರ್ಸ್ ಬೈ ಪ್ರೊಫೆಷನ್’ ಎನ್ನಬೇಕೇ ಹೊರತು ‘ಪ್ರೊಫೆಷನ್ಸ್’ ಎಂದು ಅದನ್ನೂ ಬಹುವಚನಕ್ಕೆ ಏರಿಸತಕ್ಕದ್ದಲ್ಲ.

ಇವೆಲ್ಲ ಅಭ್ಯಾಸದಿಂದ ತಿದ್ದಿಕೊಳ್ಳಬಹುದಾದ ದೋಷಗಳು. ಇವಕ್ಕಿಂತ ಆಳವಾದ ದೋಷವೊಂದುಂಟು. ‘ಮೈ ಫಾದರ್ಸ್ ಪ್ರೊಫೆಷನ್ ಈಸ್ ಎ ಫಾರ್ಮರ್’ ಎಂದು ಬರೆಯುವುದು ಅಂಥದು. ಇಲ್ಲಿ ಕೆಲಸಕ್ಕೂ ಕೆಲಸಗಾರನಿಗೂ ಸಮೀಕರಣ ನಡೆದುಹೋಗಿದೆ. ವೃತ್ತಿ ಎಂಬುದು ಬೇಸಾಯ, ರೈತನೆಂಬವನು ಮನುಷ್ಯ. ತಂದೆಯವರು ರೈತರು, ಅವರ ವೃತ್ತಿ ಬೇಸಾಯ ಎಂದು ಎರಡನ್ನೂ ಬೇರೆಬೇರೆಯಾಗಿಯೇ ಹೇಳಬೇಕು. ಈ ದೋಷ ಇಂಗ್ಲಿಷಿನಲ್ಲಿ ಮಾತ್ರ ಆಗುತ್ತದೆಂದು ಭಾವಿಸಬೇಕಾಗಿಲ್ಲ. ಕಾಲೇಜಿನ ಪ್ರವೇಶಪತ್ರದಲ್ಲಿ ‘ತಂದೆಯ ವೃತ್ತಿ’ ಎಂಬ ಕಲಮಿನ ಎದುರಿಗೆ ‘ರೈತ’, ‘ಚಾಲಕ’, ‘ಶಿಕ್ಷಕ’ ಎಂದು ತುಂಬುವುದು ಎಲ್ಲೆಡೆಯೂ ಕಾಣುವ ಸಂಗತಿ. ಬೇಸಾಯ, ವಾಹನ ಚಾಲನೆ, ಅಧ್ಯಾಪನ ಎಂದಿರಬೇಕಾದದ್ದು. ನಮೂನೆಯಲ್ಲಿ ಇದನ್ನು ಯಾರೂ ಆಕ್ಷೇಪಿಸುವುದಿಲ್ಲ, ಆಕ್ಷೇಪಿಸುವ ಅಗತ್ಯವೂ ಇಲ್ಲ. ಆದರೆ ನಮೂನೆಯ ಭಾಷೆ ಪ್ರಬಂಧದೊಳಕ್ಕೆ ಬಂದಾಗ ವಾಕ್ಯ ಕೆಡುತ್ತದೆ.

ಈಗ ಕನ್ನಡದ ‘ವೃತ್ತಿಯಿಂದ’ ಎಂಬುದನ್ನು ನೋಡೋಣ. ಇದು ಕೇವಲ ಇಂಗ್ಲಿಷಿನ ನೆರಳು, ಕನ್ನಡದ ಜಾಯಮಾನಕ್ಕೆ ಒಗ್ಗದ್ದು ಎಂದು ಕೆಲವರು ತಿರಸ್ಕರಿಸುವುದುಂಟು. ಅವರ ವಾದ ಹೀಗಿದೆ: ‘ಇಂದ’ ಎಂಬ ತೃತೀಯಾ ಪ್ರತ್ಯಯಕ್ಕೆ ಕರಣಾರ್ಥ ಅಥವಾ ಹೇತ್ವರ್ಥ. ಕತ್ತಿಯಿಂದ ಕಡಿದನು ಎಂಬಲ್ಲಿ ಕತ್ತಿ ಕರಣ. ಮಳೆಯಿಂದ ಬೆಳೆಯಾಯಿತು ಎಂಬಲ್ಲಿ ಮಳೆ ಹೇತು. ‘ವೃತ್ತಿಯಿಂದ ವೈದ್ಯ’ ಎಂಬಲ್ಲಿ ವೃತ್ತಿ ಕರಣವೂ ಅಲ್ಲ, ಹೇತುವೂ ಅಲ್ಲ. ಆದಕಾರಣ ಪ್ರಯೋಗ ಅಸಾಧು.

ಈ ವಾದ ಪೂರ್ಣವಾಗಿ ನಿಲ್ಲುವುದಿಲ್ಲ. ಸಂಸ್ಕೃತದಲ್ಲಿ ಕರ್ತೃ ಮತ್ತು ಕರಣಗಳಲ್ಲಿ ತೃತೀಯೆಯನ್ನು ವಿಧಿಸುವ ಪಾಣಿನಿಯ ಸೂತ್ರಕ್ಕೆ ಕಾತ್ಯಾಯನನ ವಾರ್ತಿಕವೊಂದಿದೆ. ಪ್ರಕೃತಿ ಮೊದಲಾದ ಶಬ್ದಗಳಿಗೂ ತೃತೀಯೆ ಬರುತ್ತದೆಂದು ಅದು ಹೇಳುತ್ತದೆ. ಒಬ್ಬನನ್ನು ಸ್ವಭಾವದಿಂದ ಸುಂದರನೆಂದೂ ಗೋತ್ರದಿಂದ ಗಾರ್ಗ್ಯನೆಂದೂ ಹೇಳುವಾಗ ಸ್ವಭಾವವಾಗಲಿ ಗೋತ್ರವಾಗಲಿ ಕೆಲಸ ಮಾಡುವ ಸಾಧನವಲ್ಲ. ಯಾವ ದೃಷ್ಟಿಯಿಂದ ಈ ಮಾತು ಅನ್ವಯಿಸುತ್ತದೆಂಬುದನ್ನು ಅದು ಗೊತ್ತುಮಾಡುತ್ತದೆ. ಇಂಗ್ಲಿಷಿನ ‘ಬೈ ಬರ್ತ್’ ಮತ್ತು ‘ಬೈ ಪ್ರೊಫೆಷನ್’ಗಳ ‘ಬೈ’ ಕೂಡ ಇದೇ. ಕನ್ನಡದಲ್ಲಿಯೂ ‘ಹುಟ್ಟಿನಿಂದ ಕುರುಡ’ ಎಂಬಂಥ ಮಾತು ಜನರ ಬಾಯಲ್ಲಿದೆ. ಆದ್ದರಿಂದ ‘ವೃತ್ತಿಯಿಂದ’ ಎಂಬುದಕ್ಕೆ ಇಂಗ್ಲಿಷು ಪ್ರೇರಣೆಯಾಗಿರಬಹುದು, ಆದರೆ ಬೀಜ ಬಿದ್ದದ್ದು ಮೊದಲೇ ಹದವಾಗಿದ್ದ ನೆಲದಲ್ಲಿ. ‘ವೃತ್ತಿಯಲ್ಲಿ ವೈದ್ಯರು’ ಎಂದು ಸಪ್ತಮಿಯನ್ನು ಬಳಸುವವರೂ ಉಂಟು. ಅದೂ ಸಾಧುವೇ. ನಮಗೆ ಇವೆರಡಕ್ಕಿಂತ ‘ವೈದ್ಯವೃತ್ತಿಯಲ್ಲಿರುವವರು’, ‘ವಕೀಲಿಯಲ್ಲಿರುವವರು’ ಎಂಬ ಮಾತು ಹೆಚ್ಚು ಇಷ್ಟ. ಅಲ್ಲಿ ಪ್ರತ್ಯಯದ ಚರ್ಚೆಗೇ ಆಸ್ಪದವಿಲ್ಲ.

ಹಾಗಾದರೆ ಆಕ್ಷೇಪ ಎಲ್ಲಿದೆ? ಪ್ರಯೋಗದ ಸಾಧುತ್ವದಲ್ಲಿಲ್ಲ, ಅನವಶ್ಯಕತೆಯಲ್ಲಿದೆ. ‘ಅವರು ವೃತ್ತಿಯಿಂದ ವೈದ್ಯರು’ ಎಂದಷ್ಟೇ ಹೇಳಿ ನಿಲ್ಲಿಸಿದರೆ ‘ಅವರು ವೈದ್ಯರು’ ಎಂಬುದಕ್ಕಿಂತ ಹೆಚ್ಚಿಗೆ ಏನೂ ಹೇಳಿದಂತಾಗುವುದಿಲ್ಲ. ಈ ಪದಕ್ಕೆ ಜೀವ ಬರುವುದು ಎದುರಿಗೆ ಮತ್ತೊಂದು ನೆಲೆ ಇದ್ದಾಗ. ಆ ವ್ಯಕ್ತಿ ಈಗ ನಮ್ಮ ಮುಂದೆ ನಿಂತಿರುವುದು ವೈದ್ಯನಾಗಿ ಅಲ್ಲ, ಬೇರೊಂದು ಕಾರಣಕ್ಕೆ ಎಂಬ ಸೂಚನೆ ಇರಬೇಕು. ಇಂಗ್ಲಿಷಿನ ಒಳ್ಳೆಯ ಬರೆಹಗಾರರಲ್ಲಿಯೂ ಇದೇ ನಿಯಮ. ಅಪಘಾತದ ಸ್ಥಳದಲ್ಲಿ ಗಾಯಾಳುವಿನ ಬಳಿಗೆ ಧಾವಿಸಿದವನನ್ನು ‘ವೃತ್ತಿಯಿಂದ ವೈದ್ಯ’ನೆಂದರೆ ಮಾತಿಗೆ ಅರ್ಥವುಂಟು, ಆಸ್ಪತ್ರೆಯಲ್ಲಿ ಕುಳಿತವನನ್ನು ಹಾಗೆಂದರೆ ಇಲ್ಲ.

ಈ ಎದುರುನೆಲೆಯನ್ನು ಒದಗಿಸಲೆಂದೇ ‘ಪ್ರವೃತ್ತಿ’ ಎಂಬ ಎರಡನೆಯ ಕಾಲು ಕನ್ನಡದಲ್ಲಿ ಸೇರಿಕೊಂಡಿತು. ವೃತ್ತಿ, ಪ್ರವೃತ್ತಿ, ನಿವೃತ್ತಿ ಮೂರೂ ‘ವೃತ್’ ಎಂಬ ಒಂದೇ ಧಾತುವಿನ ಮಕ್ಕಳು. ವೃತ್ತಿ ಎಂದರೆ ಇರವು, ನಡವಳಿಕೆ, ಜೀವಿಕೆ. ವ್ಯಾಕರಣಶಾಸ್ತ್ರದಲ್ಲಿ ಕಾಶಿಕಾವೃತ್ತಿಯಂಥ ವ್ಯಾಖ್ಯಾನಕ್ಕೂ ಅದೇ ಹೆಸರು. ಯೋಗಶಾಸ್ತ್ರದಲ್ಲಿ ಚಿತ್ತದ ವ್ಯಾಪಾರಕ್ಕೂ ಅದೇ. ನಮ್ಮ ಶಾಸನಗಳಲ್ಲಿ ಅಗ್ರಹಾರದ ವಿದ್ವಾಂಸರಿಗೆ ಹಂಚಿಕೊಟ್ಟ ಭೂಮಿಯ ಪಾಲಿಗೂ ವೃತ್ತಿ ಎಂದೇ ಹೆಸರು. ಪ್ರವೃತ್ತಿ ಎಂದರೆ ಮುನ್ನುಗ್ಗಿ ತೊಡಗುವುದು. ಅದರಿಂದ ಹಿಂದಿರುಗುವುದು ನಿವೃತ್ತಿ. ವೇದಾಂತದಲ್ಲಿ ಸಂಸಾರದಿಂದ ಹಿಂದಿರುಗುವ ದೊಡ್ಡ ಮಾರ್ಗದ ಹೆಸರಾಗಿದ್ದ ನಿವೃತ್ತಿ ಇಂದು ಸರಕಾರಿ ನೌಕರನು ಅರುವತ್ತನೆಯ ವಯಸ್ಸಿನಲ್ಲಿ ಹಾರ ಹಾಕಿಸಿಕೊಳ್ಳುವ ದಿನದ ಹೆಸರಾಗಿದೆ. ‘ಉದ್ಯೋಗ’ದ ಗತಿಯೂ ಇದಕ್ಕಿಂತ ಬೇರೆಯಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರಿಗೂ ನೌಕರಿ ದೊರೆಯುವುದಿಲ್ಲ. ಅಲ್ಲಿ ನಡೆಯುವುದು ಯುದ್ಧದ ಸನ್ನಾಹ.

‘ವೃತ್ತಿ–ಪ್ರವೃತ್ತಿ’ ಎಂಬ ಜೋಡಿಗೆ ಪ್ರಾಸದ ಸೊಗಸಿದೆ, ಸಂದೇಹವಿಲ್ಲ. ಆದರೆ ಅದು ಹೇಳುವ ವಿಭಾಗ ನಿಜವೇ ಎಂಬುದನ್ನು ನಮ್ಮ ಲೇಖಕರ ಜೀವನವನ್ನಿಟ್ಟುಕೊಂಡೇ ಪರೀಕ್ಷಿಸಬಹುದು. 1942 ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದ ‘ರಾಶಿ’, ಎಂದರೆ ಡಾ. ಎಂ. ಶಿವರಾಂ ಅವರು, ಬೆಂಗಳೂರಿನಲ್ಲಿ ವೈದ್ಯರಾಗಿದ್ದರು. ಹಾಸ್ಯದ ಮಟ್ಟಿಗೆ ವೃತ್ತಿ ಒಂದು, ಪ್ರವೃತ್ತಿ ಮತ್ತೊಂದು ಎನ್ನಬಹುದೇನೋ. ಆದರೆ ಅವರಿಗೆ 1976 ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ‘ಮನಮಂಥನ’ ಎಂಬ ಮನೋವೈದ್ಯ ವಿಷಯದ ಗ್ರಂಥಕ್ಕೆ. ಅಲ್ಲಿ ಎರಡನ್ನೂ ಬೇರ್ಪಡಿಸುವ ಬಗೆ ಹೇಗೆ? ಡಾ. ಅನುಪಮಾ ನಿರಂಜನ (1934–1991) ಅವರು ಕಾದಂಬರಿಗಳನ್ನು ಬರೆದಂತೆಯೇ ‘ತಾಯಿ ಮಗು’, ‘ವಧುವಿಗೆ ಕಿವಿಮಾತು’ ಮುಂತಾದ ಆರೋಗ್ಯ ಗ್ರಂಥಗಳನ್ನೂ ಬರೆದರು. ಚಿಕಿತ್ಸಾಲಯದಲ್ಲಿ ಹೆಂಗಸರ ಕಷ್ಟವನ್ನು ಕೇಳಿದ ಕಿವಿಯೇ ಆ ಪುಸ್ತಕಗಳನ್ನು ಬರೆಸಿತೆಂಬುದು ನಮ್ಮ ಎಣಿಕೆ. ವೃತ್ತಿಯೇ ಅಲ್ಲಿ ಪ್ರವೃತ್ತಿ. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷು ಸಾಹಿತ್ಯದ ಪ್ರಾಧ್ಯಾಪಕರು. ಅವರ ‘ಇಂಗ್ಲಿಷ್ ಗೀತಗಳು’ 1926 ರಲ್ಲಿ ಪುಸ್ತಕವಾಗಿ ಬಂದು ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿತು. ತರಗತಿಯಲ್ಲಿ ಪಾಠ ಹೇಳುತ್ತಿದ್ದ ಪದ್ಯಗಳೇ ಕನ್ನಡವಾದಾಗ ಅದನ್ನು ಬಿಡುವಿನ ವೇಳೆಯ ಪ್ರವೃತ್ತಿಯೆನ್ನುವುದು ಸಲ್ಲದು.

ಟಿ. ಪಿ. ಕೈಲಾಸಂ (1884–1946) ಅವರ ವಿಷಯದಲ್ಲಿ ತೊಡಕು ಬೇರೆ ಬಗೆಯದು. ಅವರು ಲಂಡನ್ನಿನಲ್ಲಿ ಭೂವಿಜ್ಞಾನವನ್ನು ವ್ಯಾಸಂಗಮಾಡಿ ಬಂದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಕಾಲವಿದ್ದು ಕೆಲಸವನ್ನು ಬಿಟ್ಟವರು. ಅವರನ್ನು ‘ವೃತ್ತಿಯಿಂದ ಭೂವಿಜ್ಞಾನಿ’ ಎಂದು ಬರೆಯುವ ವಾಡಿಕೆಯಿದೆ. ಬಿಟ್ಟ ಕೆಲಸ ವೃತ್ತಿಯಾದೀತೇ? ಇಂಗ್ಲಿಷಿನವರು ಇಂಥ ಕಡೆ ‘ಬೈ ಟ್ರೇನಿಂಗ್’ ಎಂಬ ಮಾತನ್ನು ಬಳಸುತ್ತಾರೆ. ನಾವೂ ‘ವ್ಯಾಸಂಗದಿಂದ ಭೂವಿಜ್ಞಾನಿ’ ಎಂದರೆ ಸತ್ಯಕ್ಕೆ ಅಪಚಾರವಾಗದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಿವಿಲ್ ಸರ್ವೀಸಿನ ಅಧಿಕಾರಿಗಳಾಗಿದ್ದು 1943 ರಲ್ಲಿ ಆ ಕೆಲಸದಿಂದ ಹೊರಬಂದರು. ಆಮೇಲೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬದುಕಿ ಬರೆದರು. ಅಂಥವರ ಸಂಬಂಧದಲ್ಲಿ ‘ಅಧಿಕಾರಿಯಾಗಿದ್ದರು’ ಎಂಬ ಭೂತಕಾಲದ ಸರಳ ಕ್ರಿಯಾಪದ ಸಾಕು. ಇನ್ನು ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಅಧ್ಯಾಪಕರು, ಕೃಷಿಕರು, ಪತ್ರಕರ್ತರು, ಹೋರಾಟಗಾರರು, ಕವಿಗಳು. ಎರಡೇ ಮನೆಗಳಿರುವ ಈ ಸೂತ್ರದೊಳಗೆ ಅವರನ್ನು ಎಲ್ಲಿ ಕೂರಿಸುವುದು?

ವೃತ್ತಿ ಎಂಬುದಕ್ಕೆ ನಿಜವಾದ ಎದುರುಮಾತು ಕನ್ನಡದಲ್ಲಿ ನೆಲೆಗೊಂಡಿರುವುದು ರಂಗಭೂಮಿಯಲ್ಲಿ. ವೃತ್ತಿರಂಗಭೂಮಿ, ಹವ್ಯಾಸಿ ರಂಗಭೂಮಿ ಎಂಬ ಭೇದ ಸ್ಪಷ್ಟವಾದುದು: ಕಂಪನಿಯಲ್ಲಿದ್ದು ಸಂಬಳಕ್ಕೆ ಬಣ್ಣ ಹಚ್ಚುವವರು ಒಂದು ಕಡೆ, ಹಗಲು ಬೇರೆ ಕೆಲಸವಿದ್ದು ಸಂಜೆ ಬಣ್ಣ ಹಚ್ಚುವವರು ಇನ್ನೊಂದು ಕಡೆ. ಕೈಲಾಸಂ ಅವರ ನಾಟಕಗಳು ಎರಡನೆಯವರ ಕೈಯಲ್ಲಿ ಬೆಳೆದುವು. ಮೊದಲನೆಯದರಿಂದ, ಗುಬ್ಬಿ ಕಂಪನಿಯಿಂದ, ಬಂದವರು ರಾಜ್‌ಕುಮಾರ್ ಅವರು. 1954 ರ ‘ಬೇಡರ ಕಣ್ಣಪ್ಪ’ದಿಂದ ಚಲನಚಿತ್ರದ ನಾಯಕನಟರಾದರು. ಮೈಸೂರು ವಿಶ್ವವಿದ್ಯಾನಿಲಯ 1976 ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. ರಾಜಾಜಿನಗರವನ್ನು ಹಾದುಹೋಗುವ ಡಾ. ರಾಜ್‌ಕುಮಾರ್ ರಸ್ತೆಯ ಫಲಕದ ಮೇಲಿನ ‘ಡಾ.’ ಈ ಗೌರವದ್ದು. ಅದೇ ರಸ್ತೆಯ ಚಿಕಿತ್ಸಾಲಯಗಳ ಫಲಕದ ಮೇಲಿನ ‘ಡಾ.’ ವೃತ್ತಿಯದು, ಕಾಲೇಜಿನ ಅಧ್ಯಾಪಕರ ಮನೆಬಾಗಿಲಿನ ‘ಡಾ.’ ಸಂಶೋಧನೆಯದು. ಮೂರಕ್ಕೂ ಚುಕ್ಕೆ ಒಂದೇ. ಆದ್ದರಿಂದ ಬರವಣಿಗೆಯಲ್ಲಿ ವೃತ್ತಿಯನ್ನೇ ಉದ್ದೇಶಿಸಿದಾಗ ‘ಡಾಕ್ಟರು’ ಎನ್ನುವುದಕ್ಕಿಂತ ‘ವೈದ್ಯರು’ ಎನ್ನುವುದು ನಿಸ್ಸಂದಿಗ್ಧ.

ಇಂಗ್ಲಿಷಿನ ಸಂಪರ್ಕ ಬರುವುದಕ್ಕೆ ಬಹು ಮುಂಚೆ ಕನ್ನಡವು ಈ ಅರ್ಥವನ್ನು ಹೇಗೆ ಹೇಳುತ್ತಿತ್ತು? ಒಂದು ಮಾರ್ಗ ತದ್ಧಿತಗಳದ್ದು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತದ್ಧಿತಕ್ಕೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಗಾಣಿಗ, ಲೆಕ್ಕಿಗ, ಹೂವಾಡಿಗ, ಹಾವಾಡಿಗ, ಬಳೆಗಾರ ಮುಂತಾದವು ಈ ಬಗೆಯ ಶಬ್ದಗಳು. ಆದರೆ ಈ ಪ್ರತ್ಯಯಗಳು ಜೀವನೋಪಾಯವನ್ನು ಮಾತ್ರ ಹೇಳುತ್ತವೆಂದಿಲ್ಲ. ಬಳೆಗಾರನು ಬಳೆ ಮಾರಿ ಬದುಕುತ್ತಾನೆ. ಮಾತುಗಾರನು ಮಾತಾಡಿ ಬದುಕಬೇಕೆಂಬ ನಿಯಮವಿಲ್ಲ. ‘ಹಾಡುಗಾರ’ ಎಂದಾಗ ಹಾಡಿ ಸಂಪಾದಿಸುವವನೋ ಹಾಡಿ ಸಂತೋಷಪಡುವವನೋ ತಿಳಿಯದು. ಇಂಥ ಕಡೆ ‘ವೃತ್ತಿಯಿಂದ’ ಎಂಬುದು ಸಾರ್ಥಕವಾಗಿ ಕೆಲಸ ಮಾಡುತ್ತದೆ.

ಇನ್ನೊಂದು ಮಾರ್ಗ ಹೆಸರಿನ ಹಿಂದೆಯೇ ಕೆಲಸವನ್ನು ನಿಲ್ಲಿಸುವುದು. ಬಸವೇಶ್ವರನಗರವೆಂಬ ಹೆಸರಿನ ಬಡಾವಣೆಯನ್ನು ದಿನವೂ ಹಾದುಬರುವ ನಮ್ಮ ವಿದ್ಯಾರ್ಥಿಗಳಿಗೆ ಶರಣರ ಹೆಸರುಗಳು ಅಪರಿಚಿತವಲ್ಲ. ಆದರೆ ಆ ಹೆಸರುಗಳ ರಚನೆಯನ್ನು ವ್ಯಾಕರಣದ ಕಣ್ಣಿನಿಂದ ನೋಡಿದವರು ಕಡಮೆ. ಅವುಗಳಲ್ಲಿ ಮೂರು ಬಗೆಗಳು ಕಾಣುತ್ತವೆ. ಮಡಿವಾಳ ಮಾಚಯ್ಯ, ತುರುಗಾಹಿ ರಾಮಣ್ಣ, ವೈದ್ಯ ಸಂಗಣ್ಣ ಎಂಬಲ್ಲಿ ಕೆಲಸಗಾರನ ಹೆಸರೇ ವಿಶೇಷಣವಾಗಿ ನಿಂತಿದೆ. ಅಂಬಿಗರ ಚೌಡಯ್ಯ, ಜೇಡರ ದಾಸಿಮಯ್ಯ, ಮೇದರ ಕೇತಯ್ಯ ಎಂಬಲ್ಲಿ ಬಹುವಚನದ ಷಷ್ಠೀ ವಿಭಕ್ತಿಯಿದೆ: ಅಂಬಿಗರಲ್ಲಿ ಒಬ್ಬನಾದ ಚೌಡಯ್ಯ ಎಂದರ್ಥ. ಇಲ್ಲಿ ಕೆಲಸದೊಡನೆ ಸಮುದಾಯವೂ ಸೂಚಿತವಾಗುತ್ತದೆ. ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ, ಹಡಪದ ಅಪ್ಪಣ್ಣ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ ಎಂಬಲ್ಲಿ ಮನುಷ್ಯರ ಗುಂಪು ಇಲ್ಲವೇ ಇಲ್ಲ. ಇರುವುದು ಹಗ್ಗ, ಸೌದೆಯ ಹೊರೆ, ಎಲೆಯಡಕೆಯ ಚೀಲ, ನೂಲುವ ಕದಿರು, ಬತ್ತ ಕುಟ್ಟುವ ಕೆಲಸ. ಕೈಗೂ ಕೆಲಸಕ್ಕೂ ಇರುವ ಸಂಬಂಧವಷ್ಟೇ ಅಲ್ಲಿ ಉಳಿದಿದೆ. ಕಾಯಕವೆಂಬ ತತ್ತ್ವಕ್ಕೆ ಈ ಮೂರನೆಯ ಬಗೆ ಹೆಚ್ಚು ಹತ್ತಿರದ್ದೆಂದು ನಮಗೆ ತೋರುತ್ತದೆ. ಬಿಜ್ಜಳನ ಭಂಡಾರದ ಅಧಿಕಾರಿಯಾಗಿದ್ದ ಬಸವಣ್ಣನನ್ನು ‘ಭಕ್ತಿಭಂಡಾರಿ’ ಎಂದು ಕರೆಯುವ ರೂಢಿಯಂತೂ ವೃತ್ತಿ ಪ್ರವೃತ್ತಿಗಳೆರಡನ್ನೂ ಒಂದೇ ಸಮಾಸದಲ್ಲಿ ಹೆಣೆದಿದೆ. ಅಷ್ಟು ಅಡಕವಾಗಿ ಹೇಳುವುದು ಇಂದಿನ ಪರಿಚಯಲೇಖಕರಿಗೆ ಸಾಧ್ಯವಾಗಿಲ್ಲ.

ಕಾಲಾನಂತರದಲ್ಲಿ ಈ ವಿಶೇಷಣಗಳಿಗೆ ಆದದ್ದೇನೆಂಬುದನ್ನೂ ನೋಡಬೇಕು. ಹಡಪ ಎಂದರೆ ಎಲೆಯಡಕೆಯ ಚೀಲ. ಇಂದು ‘ಹಡಪದ’ ಎಂಬುದು ಕ್ಷೌರವನ್ನು ಕುಲಕಸುಬಾಗಿ ಉಳ್ಳ ಒಂದು ಸಮುದಾಯದ ಹೆಸರು. ಕೈಯಲ್ಲಿದ್ದ ವಸ್ತುವಿನ ಹೆಸರು ಮನೆತನದ ಹೆಸರಾಗಿ, ಮನೆತನದ್ದು ಜಾತಿಯದಾಗಿ ಮಾರ್ಪಟ್ಟಿತು. ಕುಂಬಾರ, ಕಮ್ಮಾರ, ಬಡಿಗೇರ, ಅಕ್ಕಸಾಲಿ, ಗಾಣಿಗ ಎಂಬವೂ ಹೀಗೆಯೇ ಎರಡು ಅರ್ಥಗಳನ್ನು ಹೊತ್ತಿವೆ. ‘ಅವರು ಕುಂಬಾರರು’ ಎಂದು ಬರೆದರೆ ಮಡಕೆ ಮಾಡುವವರೆಂದೋ ಆ ಸಮುದಾಯದಲ್ಲಿ ಹುಟ್ಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರೆಂದೋ ಓದುಗನು ಹೇಗೆ ತಿಳಿಯಬೇಕು? ಅಂತೆಯೇ ಬೇರೆ ಸಮುದಾಯದಲ್ಲಿ ಹುಟ್ಟಿ ಕುಂಭಕಲೆಯನ್ನು ಕಲಿತು ಅದರಿಂದ ಬದುಕುವವರೂ ಈಗ ಇದ್ದಾರೆ. ಇಂಗ್ಲಿಷು ಸಮಾಜದಲ್ಲಿ ಕಮ್ಮಾರನೆಂಬ ಅರ್ಥದ ‘ಸ್ಮಿತ್’ ಬರಿಯ ಮನೆತನದ ಹೆಸರಾಗಿ ನಿಂತು ನಿರುಪದ್ರವಿಯಾಯಿತು, ನಮ್ಮಲ್ಲಿ ಹಾಗಾಗಲಿಲ್ಲ. ಆದಕಾರಣ ‘ವೃತ್ತಿಯಿಂದ’ ಎಂಬ ಪದ ಕನ್ನಡದಲ್ಲಿ ಅನಿವಾರ್ಯವಾಗುವ ಸ್ಥಳ ಇದೊಂದೇ ಎಂದರೂ ತಪ್ಪಲ್ಲ. ಇಂಗ್ಲಿಷಿನವರು ಅದನ್ನು ವಕೀಲನನ್ನು ಬಡಗಿಯಿಂದ ಬೇರ್ಪಡಿಸಲು ಬಳಸಿದರು; ನಾವು ಮನುಷ್ಯನ ಕೆಲಸವನ್ನು ಅವನ ಹುಟ್ಟಿನಿಂದ ಬೇರ್ಪಡಿಸಲು ಬಳಸಬಹುದು. ಸಮಾಜಶಾಸ್ತ್ರ, ಇತಿಹಾಸ, ಜಾನಪದ ವಿಷಯಗಳಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಜಾತಿಯನ್ನು ಹೇಳುವ ಅಗತ್ಯವಿದ್ದರೆ ಜಾತಿಯೆಂದೇ ಹೇಳಲಿ, ಕೆಲಸವನ್ನು ಹೇಳಬೇಕಾಗಿದ್ದರೆ ‘ಮಡಕೆ ಮಾಡಿ ಜೀವಿಸುತ್ತಾರೆ’ ಎನ್ನಲಿ. ಎರಡನ್ನೂ ಒಂದೇ ಶಬ್ದದ ಮೇಲೆ ಹೇರುವುದು ಬೇಡ.

ಕಾನೂನಿನ ಭಾಷೆಯಲ್ಲಿ ಈ ಶಬ್ದಗಳಿಗೆ ಇರುವ ಬೆಲೆಯನ್ನೂ ಸಂಕ್ಷೇಪವಾಗಿ ಗಮನಿಸಬಹುದು. ಸಂವಿಧಾನದ 19 ನೆಯ ಅನುಚ್ಛೇದವು ನಾಗರಿಕರಿಗೆ ಜೀವನೋಪಾಯದ ಸ್ವಾತಂತ್ರ್ಯವನ್ನು ನೀಡುವಾಗ ಪ್ರೊಫೆಷನ್, ಆಕ್ಯುಪೇಷನ್, ಟ್ರೇಡ್, ಬಿಸಿನೆಸ್ ಎಂಬ ನಾಲ್ಕು ಶಬ್ದಗಳನ್ನು ಬಳಸುತ್ತದೆ. ಮೊದಲನೆಯದಕ್ಕೆ ‘ಪ್ರಾಕ್ಟೀಸ್’ ಎಂಬ ಕ್ರಿಯೆ, ಉಳಿದವಕ್ಕೆ ‘ಕ್ಯಾರಿ ಆನ್’ ಎಂಬ ಕ್ರಿಯೆ. ಹಳೆಯ ಅಂತಸ್ತಿನ ಗೆರೆಯ ಗುರುತು ಅಲ್ಲಿ ಇನ್ನೂ ಉಳಿದಿದೆ. ರಾಜ್ಯದ 1976 ರ ತೆರಿಗೆ ಕಾಯಿದೆಯ ಹೆಸರಿನಲ್ಲಿಯೂ ನಾಲ್ಕು ಶಬ್ದಗಳುಂಟು: ಪ್ರೊಫೆಷನ್ಸ್, ಟ್ರೇಡ್ಸ್, ಕಾಲಿಂಗ್ಸ್, ಎಂಪ್ಲಾಯ್‌ಮೆಂಟ್ಸ್. ಕನ್ನಡಿಗರು ಇಷ್ಟನ್ನೂ ‘ವೃತ್ತಿ ತೆರಿಗೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಈ ತೆರಿಗೆಗೆ ಸಂವಿಧಾನವು ಮೊದಲು ವಿಧಿಸಿದ್ದ ವರ್ಷಕ್ಕೆ 250 ರೂಪಾಯಿಗಳ ಮಿತಿ 1988 ರ ತಿದ್ದುಪಡಿಯಿಂದ 2500 ಕ್ಕೆ ಏರಿತು. ತೆರುವವನು ವಕೀಲನೇ ಆಗಲಿ ಅಂಗಡಿಯವನೇ ಆಗಲಿ ಈ ಮಿತಿ ಒಂದೇ. ಕನ್ನಡದ ‘ವೃತ್ತಿ’ಯು ಇಂಗ್ಲಿಷಿನ ‘ಪ್ರೊಫೆಷನ್’ಗಿಂತ ಉದಾರವಾದ ಶಬ್ದವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಕೆಲವು ವೃತ್ತಿಗಳ ಹೆಸರನ್ನು ಸಡಿಲವಾಗಿ ಬಳಸುವಂತಿಲ್ಲ. 1961 ರ ಅಡ್ವೊಕೇಟ್ಸ್ ಕಾಯಿದೆಯ ಪ್ರಕಾರ ವಕೀಲಿ ನಡೆಸಲು ಪಟ್ಟಿಯಲ್ಲಿ ಹೆಸರು ನೋಂದಾಯಿಸಿರಬೇಕು. ಪೂರ್ಣಾವಧಿಯ ಸಂಬಳದ ನೌಕರಿಯಲ್ಲಿರುವಾಗ ವಕೀಲಿ ನಡೆಸುವಂತಿಲ್ಲವೆಂಬುದು ವಕೀಲರ ಪರಿಷತ್ತಿನ ಸಾಮಾನ್ಯ ನಿಯಮ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಿಂದ ಪದವಿ ಪಡೆದು ಒಂದು ಕಂಪನಿಯ ಕಾನೂನು ವಿಭಾಗದಲ್ಲಿ ಸಂಬಳಕ್ಕೆ ಸೇರಿದವರನ್ನು ‘ವೃತ್ತಿಯಿಂದ ವಕೀಲರು’ ಎಂದು ಪರಿಚಯಿಸಿದರೆ ಮಾತು ತಪ್ಪುತ್ತದೆ. ‘ಕಾನೂನು ಪದವೀಧರರು’ ಎಂದರೆ ಸರಿ. ಇದರಂತೆಯೇ ‘ನಿವೃತ್ತ ವೈದ್ಯರು’ ಎಂಬ ಮಾತೂ ವಿಚಾರಾರ್ಹ. ಸರಕಾರಿ ಆಸ್ಪತ್ರೆಯ ಹುದ್ದೆಯಿಂದ ನಿವೃತ್ತರಾದವರು ಮಾರನೆಯ ದಿನ ವಿಜಯನಗರದ ತಮ್ಮ ಮನೆಯ ಮುಂಭಾಗದಲ್ಲಿ ರೋಗಿಗಳನ್ನು ನೋಡುತ್ತಿರಬಹುದು. ನಿವೃತ್ತಿ ಹುದ್ದೆಯಿಂದ, ವೃತ್ತಿಯಿಂದಲ್ಲ.

ಇಷ್ಟೆಲ್ಲ ಆದಮೇಲೂ ಒಂದು ಮಾತು ಉಳಿಯುತ್ತದೆ. ಆಡುಗನ್ನಡದಲ್ಲಿ ‘ವೃತ್ತಿಯಿಂದ’ ಎಂಬ ಪದ ಹೆಚ್ಚಾಗಿ ಕೇಳಿಬರುವುದಿಲ್ಲ. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಾಗಲಿ ಕಾಮಾಕ್ಷಿಪಾಳ್ಯದ ಲೇತುಗಳಿರುವ ಸಣ್ಣ ಕಾರ್ಖಾನೆಗಳ ಬೀದಿಯಲ್ಲಾಗಲಿ ‘ನಿಮ್ಮ ತಂದೆಯವರು ಏನು ಮಾಡಿಕೊಂಡಿದ್ದಾರೆ?’ ಎಂದು ಕೇಳಿದರೆ ಉತ್ತರ ಕ್ರಿಯಾಪದದಲ್ಲಿ ಬರುತ್ತದೆ: ಲೇತ್ ಕೆಲಸ ಮಾಡುತ್ತಾರೆ, ಆಟೋ ಓಡಿಸುತ್ತಾರೆ, ಅಂಗಡಿ ಇಟ್ಟುಕೊಂಡಿದ್ದಾರೆ, ಗಾರೆ ಕೆಲಸಕ್ಕೆ ಹೋಗುತ್ತಾರೆ, ಬ್ಯಾಂಕಿನಲ್ಲಿದ್ದಾರೆ, ಮೇಷ್ಟ್ರಾಗಿದ್ದಾರೆ, ಊರಿನಲ್ಲಿ ಬೇಸಾಯ ಮಾಡಿಸುತ್ತಾರೆ. ಪ್ರಶ್ನೆಯೂ ಕ್ರಿಯಾಪದವೇ, ಉತ್ತರವೂ ಕ್ರಿಯಾಪದವೇ. ಮಾಡು, ಮಾಡಿಸು, ಹೋಗು, ಇಡು, ಇರು ಎಂಬ ಐದಾರು ಧಾತುಗಳಲ್ಲಿ ಯಜಮಾನ, ಆಳು, ಸ್ವಂತ ಕಸುಬಿನವ, ಸಂಬಳದವ ಎಂಬ ಎಲ್ಲ ತಾರತಮ್ಯವೂ ಮೂಡಿಬಿಡುತ್ತದೆ. ‘ಬೇಸಾಯ ಮಾಡುತ್ತಾರೆ’ ಎಂಬುದಕ್ಕೂ ‘ಮಾಡಿಸುತ್ತಾರೆ’ ಎಂಬುದಕ್ಕೂ ಇರುವ ಅಂತರವನ್ನು ಇಂಗ್ಲಿಷಿನ ‘ಫಾರ್ಮರ್ ಬೈ ಪ್ರೊಫೆಷನ್’ ಎಂದಿಗೂ ಹೇಳಲಾರದು. ಬರವಣಿಗೆಯಲ್ಲಿ ಗಾಂಭೀರ್ಯ ಬೇಕೆಂದು ಈ ಕ್ರಿಯಾಪದಗಳನ್ನೆಲ್ಲ ಅಳಿಸಿ ನಾಮಪದ ಮಾಡಿದಾಗ ಗಾಂಭೀರ್ಯ ಬಂದರೂ ಮಾಹಿತಿ ಹೋಗುತ್ತದೆ.

ಹೀಗೆ ಮಾಹಿತಿ ಹೋಗುವುದು ಹೆಚ್ಚಾಗಿ ಹೆಂಗಸರ ವಿಷಯದಲ್ಲಿ. ಮೈಸೂರು ರಸ್ತೆಯ ಆಸುಪಾಸಿನ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಬೆಳಗಾದರೆ ಹೊರಡುವ ತಾಯಂದಿರನ್ನು ಮಕ್ಕಳು ‘ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾರೆ’ ಎಂದು ಹೇಳುತ್ತಾರೆ. ನಮೂನೆಯ ‘ತಾಯಿಯ ವೃತ್ತಿ’ ಎಂಬ ಕಲಮಿಗೆ ಬಂದಾಗ ಅದೇ ಮಗ ‘ಗೃಹಿಣಿ’ ಎಂದೋ ‘ಕೂಲಿ’ ಎಂದೋ ಬರೆಯುತ್ತಾನೆ. ಹೊಲಿಗೆಯ ಯಂತ್ರದ ಮುಂದೆ ಹತ್ತು ವರ್ಷದಿಂದ ಕುಳಿತ ಕೈಗೆ ಒಂದು ಹೆಸರಿದೆಯೆಂಬುದು ಅವನಿಗೆ ಹೊಳೆಯುವುದಿಲ್ಲ. ‘ಮನೆಗೆಲಸ’ ಎಂಬ ಶಬ್ದದ ತೊಡಕು ಇನ್ನೂ ಹೆಚ್ಚು. ತನ್ನ ಮನೆಯ ಕೆಲಸವೋ, ಬಸವೇಶ್ವರನಗರದ ನಾಲ್ಕು ಮನೆಗಳಲ್ಲಿ ಸಂಬಳಕ್ಕೆ ಮಾಡುವ ಕೆಲಸವೋ ಎಂಬುದು ಅದರಿಂದ ತಿಳಿಯುವುದಿಲ್ಲ. ಮೊದಲನೆಯದಕ್ಕೆ ಸಂಬಳವಿಲ್ಲ, ಎರಡನೆಯದಕ್ಕೆ ಉಂಟು. ವಿದ್ಯಾರ್ಥಿಗಳಿಗೆ ಪ್ರಬಂಧವನ್ನು ಕಲಿಸುವ ಅಧ್ಯಾಪಕರು ಇಂಥ ಕಡೆ ‘ಉಡುಪು ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ’, ‘ಇತರರ ಮನೆಗಳಲ್ಲಿ ಸಂಬಳದ ಕೆಲಸ’ ಎಂದು ಬರೆಯಿಸಬೇಕೆಂದು ನಮ್ಮ ಸೂಚನೆ. ಕಲಮಿನಲ್ಲಿ ಜಾಗ ಸಾಲದಿದ್ದರೆ ‘ಹೊಲಿಗೆ’ ಎಂಬ ಮೂರಕ್ಷರವಾದರೂ ಇರಲಿ.